ನಾಲ್ಕು ಬಸ್ಸಿನಾಚೆಯ ತವರು

ನ್ಯೂಕಾಸಲ್
೧೧ ಫೆಬ್ರುವರಿ ೨೦೨೪

ಸುನಂದಕ್ಕ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೇ ಬೀಳುತ್ತೇವೆ, ಏನಿದ್ದರೂ ಬರೆದು ಮೇಲ್ ಮಾಡು ಎಂದು ನೀನೇ ಕಟ್ಟಪ್ಪಣೆ ಮಾಡಿದ್ದೀಯ. ಬರೆಯುತ್ತಿದ್ದೇನೆ. ನಾವು ಜೊತೆಗಿದ್ದ ವಿಜಯಪುರದ ಹಾಸ್ಟೆಲಿನಲ್ಲಿ ನೀನು ನನ್ನ ಪತ್ರಗಳಿಗೆ ಕೆಂಪು ಶಾಯಿಯಲ್ಲಿ ತಪ್ಪು ತಿದ್ದುತ್ತಿದ್ದೆ, ಇದಕ್ಕೆ ಹಾಗೆ ಮಾಡಬೇಡ.

ಸುದ್ದಿ ಒಳ್ಳೆಯದೇ. ನಿನ್ನ ಚಿಗವ್ವ ಗುರವ್ವನ ಮಾತುಗಳನ್ನಿಟ್ಟುಕೊಂಡು ಬರೆದ ಲೇಖನವನ್ನು ಇಲ್ಲಿನ ಜರ್ನಲ್ ಹೆಚ್ಚುಕಡಿಮೆ ಒಪ್ಪಿಕೊಂಡಿದೆ. ತವರಿನ ಹೊಲದಲ್ಲಿ ತಮಗಿರುವ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕದೆ, ಹಾಕುವುದಿಲ್ಲವೆಂದೂ ಹೇಳದೆ, ವರ್ಷದಿಂದ ವರ್ಷಕ್ಕೆ ಮುಂದೂಡುವ ಹೆಣ್ಣುಮಕ್ಕಳ ಬಗ್ಗೆ ಇಂಗ್ಲಿಷಿನಲ್ಲಿ ಯಾರೂ ಬರೆದಿಲ್ಲವಂತೆ. ಕೋರ್ಟಿಗೆ ಹೋದವರ ಬಗ್ಗೆ ಇದೆ. ಸಹಿ ಹಾಕಿ ಅತ್ತವರ ಬಗ್ಗೆ ಇದೆ. ಮರೆತಂತೆ ನಟಿಸುವವರ ಬಗ್ಗೆ ಇಲ್ಲ.

ಆದರೆ ಲೇಖನ ಪರಿಶೀಲಿಸಿದ ಇಬ್ಬರಲ್ಲಿ ಒಬ್ಬರಿಗೆ ಊರು ಕಣ್ಣಿಗೆ ಕಾಣುತ್ತಿಲ್ಲವಂತೆ. ಶೀರ್ಷಿಕೆಯಲ್ಲಿ ದೇಶವೂ ಬರಬೇಕು, ಪ್ರದೇಶವೂ ಬರಬೇಕು. ಮಣ್ಣು ಎಂಥದು, ನದಿ ಎಲ್ಲಿದೆ, ಗಂಡನ ಮನೆಗೂ ತವರಿಗೂ ನಡುವೆ ಏನಿದೆ, ಎಲ್ಲ ಬರೆಯಬೇಕು. ‘ನಮ್ಮ ಓದುಗರಿಗೆ ಈ ಸ್ಥಳದ ಪರಿಚಯವಿಲ್ಲ’ ಎಂದು ಷರಾ. ಓದಿ ಮೈ ಉರಿಯಿತು. ವಿಶ್ವವಿದ್ಯಾಲಯದಲ್ಲಿ ನನ್ನ ಪಕ್ಕದ ಕೋಣೆಯ ರೇಚಲ್ ಹೋದ ವರ್ಷ ಇದೇ ಜರ್ನಲಿನಲ್ಲಿ, ಅಪ್ಪ ಸತ್ತ ಮೇಲೆ ಮನೆ ಮಾರುವ ವಿಚಾರಕ್ಕೆ ಮಾತು ಬಿಟ್ಟ ಅಕ್ಕತಂಗಿಯರ ಬಗ್ಗೆ ಬರೆದಳು. ಶೀರ್ಷಿಕೆ ‘ಒಡಹುಟ್ಟಿದವರು ಮತ್ತು ಆಸ್ತಿ’. ಅಷ್ಟೆ. ಯಾವ ಊರು, ಅಲ್ಲಿ ಮಳೆ ಎಷ್ಟು ಎಂದು ಅವಳನ್ನು ಒಬ್ಬರೂ ಕೇಳಲಿಲ್ಲ. ಅವಳ ಊರಿನವರ ಜಗಳ ಮನುಷ್ಯರ ಜಗಳ, ನಮ್ಮದು ಮಾತ್ರ ದಕ್ಷಿಣ ಭಾರತದ ಒಣ ಪ್ರದೇಶವೊಂದರ ಜಗಳ.

ಇರಲಿ. ಕೇಳಿದ್ದನ್ನು ಕೊಡಲೇಬೇಕು. ಚಿಗವ್ವನ ಹೆಸರನ್ನು ಬದಲಿಸಿದ್ದೇನೆ, ಅವಳ ತವರು ಅಗರಖೇಡ ಬರೀ ‘ಒಂದು ಹಳ್ಳಿ’. ನೀನು ಇಂಡಿಯಲ್ಲೇ ಇರುವವಳು, ಅಗರಖೇಡ ನಿನಗೆ ಅಂಗೈ ಇದ್ದ ಹಾಗೆ. ಹೊಲ, ಹೊಳೆ, ದಾರಿ ಹೇಗಿವೆ ಎಂದು ನಾಲ್ಕು ಮಾತು ಬರೆದು ಕಳಿಸು. ಸೆಪ್ಟೆಂಬರಿಗೆ ನನ್ನ ಕೆಲಸದ ಅವಧಿ ಮುಗಿಯುತ್ತದೆ. ಈ ಲೇಖನ ಬಂದರೆ ಕಾಯಂ ಆಗುತ್ತೇನೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಿನಗೆ ಗೊತ್ತಿರಲಿ ಎಂದು ಹೇಳಿದೆ.

ನಿನ್ನ
ನಿಷತ

•

ಇಂಡಿ
೨೫ ಫೆಬ್ರುವರಿ ೨೦೨೪

ನಿಷತ,

ನಿನ್ನ ಮೈ ಉರಿದದ್ದನ್ನು ಓದಿ, ಸುಳ್ಳೇಕೆ ಹೇಳಲಿ, ಸ್ವಲ್ಪ ಖುಷಿಯೇ ಆಯಿತು. ನಾನು ಇಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವಾಗ, ಲಂಡನ್ನಿನ ಯಾವುದೋ ಬೀದಿಯ ಹೆಸರು ಬಂದರೆ ಅದು ಎಲ್ಲಿದೆ ಎಂದು ಪುಸ್ತಕ ಹೇಳುವುದಿಲ್ಲ. ನಮ್ಮ ಹುಡುಗರು ಗೊತ್ತಿರುವವರ ಹಾಗೆ ಸುಮ್ಮನೆ ಕೂತಿರುತ್ತಾರೆ. ಗೊತ್ತಿಲ್ಲ ಎಂದು ಷರಾ ಬರೆಯುವ ಧೈರ್ಯ ಅವರಿಗೆಲ್ಲಿಂದ ಬರಬೇಕು?

ಕೇಳಿದ್ದೀಯ, ಬರೆಯುತ್ತೇನೆ. ಅಗರಖೇಡದಲ್ಲಿ ಹೊಳೆಯ ಕಡೆಯದೆಲ್ಲ ಯರಿಭೂಮಿ. ಕಪ್ಪು ಮಣ್ಣು, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಬಿಳಿಜೋಳ, ತೊಗರಿ, ಈಗೀಗ ಕಬ್ಬು. ಭೀಮೆಗೆ ನೀರು ಬಂದಾಗ ಇಂಡಿಯಿಂದ ಹೋಗುವ ಬಸ್ಸು ಊರೊಳಗೆ ಹೋಗದೆ ಈಚೆಯ ಹಳ್ಳದ ಹತ್ತಿರವೇ ತಿರುಗುತ್ತದೆ. ಅಲ್ಲಿಂದ ನಡೆಯಬೇಕು.

ದಾರಿ ಕೇಳಿದೆಯಲ್ಲ, ಅದೇ ದೊಡ್ಡ ಕತೆ. ಚಿಗವ್ವನನ್ನು ಕೊಟ್ಟದ್ದು ಮುದ್ದೇಬಿಹಾಳ ತಾಲೂಕಿನ ನಾಲತವಾಡಕ್ಕೆ. ನಾಲತವಾಡದಿಂದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿ, ಬಾಗೇವಾಡಿಯಿಂದ ನಿನ್ನ ದೇವರ ಹಿಪ್ಪರಗಿಯ ಮೇಲೆ ಹಾದು ಇಂಡಿ, ಇಂಡಿಯಿಂದ ಅಗರಖೇಡ. ನಾಲ್ಕು ಬಸ್ಸು. ಜಿಲ್ಲೆಯ ಈ ತುದಿಯಿಂದ ಆ ತುದಿ. ಪಕ್ಕದೂರಿಗೆ ಕೊಟ್ಟ ಮಗಳು ಬೇಕೆಂದಾಗ ಬುತ್ತಿ ಹಿಡಿದು ತವರಿಗೆ ಬಂದಾಳು. ಇವಳು ಬರಬೇಕಾದರೆ ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗಬೇಕು. ಬಸಂತರಾಯ ಮಾಮಾ ನಾಲ್ಕು ಬಸ್ಸು ಹತ್ತಿ ಇಳಿದು ಪ್ರತಿ ವರ್ಷ ತಪ್ಪದೆ ಹೋಗುತ್ತಾನೆ. ಯಾಕೆ ಹೋಗುತ್ತಾನೆ ಎಂದು ಚಿಗವ್ವ ನಿನಗೆ ಹೇಳಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ. “ಸಹಿ ಮಾಡೂತನಾ ಕರೀಲಿಕ್ಕೆ ಬರ್ತಾನ. ಮಾಡಿದ ಮ್ಯಾಲೆ ಯಾಕ ಬರ್ತಾನ?” ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಅವಳ ಅಕ್ಕ, ನಮ್ಮವ್ವ, ಸಹಿ ಮಾಡಿದವಳು. ಮೊದಲೆರಡು ಪಂಚಮಿಗೆ ಮಾಮಾ ಬಂದ, ಆಮೇಲೆ ಫೋನು ಬಂತು, ಆಮೇಲೆ ಅದೂ ಇಲ್ಲ. ಅವ್ವ ಸಾಯುವ ವರ್ಷ ಕೂಡ ಪಂಚಮಿಯ ಹಿಂದಿನ ದಿನ ಬಾಗಿಲಲ್ಲಿ ಕೂತಿದ್ದಳು, ಗಾಳಿಗೆ ಕೂತಿದ್ದೇನೆ ಎನ್ನುತ್ತಿದ್ದಳು.

ಚಿಗವ್ವನದು ಶುದ್ಧ ಮರೆವು ಎಂದು ಮಾಮಾ ಇವತ್ತಿಗೂ ನಂಬಿದ್ದಾನೆ. ಆ ನಂಬಿಕೆಯ ಮೇಲೆಯೇ ಅವಳ ತವರು ನಿಂತಿದೆ. ನೀನು ಏನು ಬರೆದರೂ ಇದನ್ನು ಎದುರಿಗಿಟ್ಟುಕೊಂಡು ಬರೆ.

ಸುನಂದಾ

•

ನ್ಯೂಕಾಸಲ್
೧೭ ಮಾರ್ಚ್ ೨೦೨೪

ಸುನಂದಕ್ಕ,

ನಿನ್ನ ಪತ್ರ ಸಿಕ್ಕಿ ಮೂರು ವಾರ ನಿದ್ದೆಗೆಟ್ಟೆ. ನಾಲ್ಕು ಬಸ್ಸಿನ ವಿಷಯವನ್ನು ನಾನು ಗಮನಿಸಿಯೇ ಇರಲಿಲ್ಲ. ನಿನ್ನ ಜೊತೆ ಬೈಕಿನ ಹಿಂದೆ ಕೂತು ನಾಲತವಾಡಕ್ಕೆ ಹೋಗಿ ಬಂದವಳು ನಾನು, ದೂರ ಹೇಗೆ ತಿಳಿಯಬೇಕು.

ಒಂದು ಉಪಾಯ ಮಾಡಿದ್ದೇನೆ. ತವರನ್ನು ಭೀಮೆಯ ದಂಡೆಯಿಂದ ಎತ್ತಿ ಕೃಷ್ಣೆಯ ದಂಡೆಗೆ ಇಟ್ಟಿದ್ದೇನೆ. ಮುದ್ದೇಬಿಹಾಳದ ಕಡೆಯೇ ಹುಟ್ಟಿ, ಅಲ್ಲಿಯೇ ಒಂದು ಬಸ್ಸಿನ ದೂರಕ್ಕೆ ಮದುವೆಯಾದವಳು ಎಂದು ಬರೆದೆ. ಇಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ಊರನ್ನು ಅತ್ತಿತ್ತ ಸರಿಸುತ್ತಾರೆ. ಇಷ್ಟಾದರೆ ಯಾರಿಗೂ ಗುರುತು ಹತ್ತುವುದಿಲ್ಲ ತಾನೇ? ಓದಿ ನೋಡು, ಜೊತೆಗೆ ಕಳಿಸಿದ್ದೇನೆ. ಬೇಗ ಹೇಳು.

ನಿಷತ

•

ಇಂಡಿ
೩೧ ಮಾರ್ಚ್ ೨೦೨೪

ನಿಷತ,

ಓದಿದೆ. ಗುರುತು ಹತ್ತುವುದಿಲ್ಲ, ನಿಜ. ಯಾಕೆಂದರೆ ಅದು ಚಿಗವ್ವ ಅಲ್ಲವೇ ಅಲ್ಲ. ಒಂದು ಬಸ್ಸಿನ ದೂರದಲ್ಲಿ ತವರಿದ್ದರೆ ಅವಳಿಗೆ ಈ ನಾಟಕವೇ ಬೇಕಿರಲಿಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಬಂದಾಳು, ಅಣ್ಣ ಕರೆದರೆಷ್ಟು, ಬಿಟ್ಟರೆಷ್ಟು. ಮೇಲಾಗಿ ಕೃಷ್ಣೆಯ ದಂಡೆಯಲ್ಲಿ ಕಾಲುವೆ ನೀರು ಬಂದು ಹೊಲದ ಬೆಲೆ ಏರಿದೆ, ಅಲ್ಲಿ ಸಹಿ ಹಾಕದವಳನ್ನು ನೋಡಿದರೆ ದುಡ್ಡಿಗೆ ಕೂತಿದ್ದಾಳೆ ಎನ್ನುತ್ತಾರೆ. ನೀನು ಅವಳನ್ನು ಅಡಗಿಸಲು ಹೋಗಿ ಅವಳಿಗೆ ಇಲ್ಲದ ಆಸೆ ಅಂಟಿಸಿದ್ದೀಯ.

ಹಾಗೆಂದು ಇದ್ದದ್ದು ಇದ್ದ ಹಾಗೆ ಬರೆದರೂ ಆಗದು. ನಿನ್ನ ಪರಿಶೀಲಕರು ‘ನಮ್ಮ ಓದುಗರಿಗೆ ಪರಿಚಯವಿಲ್ಲ’ ಎನ್ನುವಾಗ ಓದುಗರೆಂದರೆ ಅಲ್ಲಿಯವರು ಮಾತ್ರ ಎಂದು ತಿಳಿದಿದ್ದಾರೆ. ನೀನೂ ಹಾಗೇ ತಿಳಿದಂತಿದೆ. ಬಸಂತರಾಯ ಮಾಮಾನ ಮಗ ಅನೀಲಕುಮಾರ ಎಂ.ಎ. ಇಂಗ್ಲಿಷ್ ಮುಗಿಸಿ ಸಿಂದಗಿಯಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾನೆ. ಪಿಎಚ್‌.ಡಿ.ಗೆ ವಿಷಯ ಹುಡುಕುತ್ತಿದ್ದಾನೆ, ಕಂಡದ್ದೆಲ್ಲ ಓದುತ್ತಾನೆ. ಹೋದ ವಾರ ಮನೆಗೆ ಬಂದಾಗ ನಿನ್ನ ಲೇಖನಗಳನ್ನು ಎಲ್ಲಿ ಓದಬಹುದು ಎಂದು ಕೇಳಿದ. ಹಿಪ್ಪರಗಿಯ ಹೆಣ್ಣುಮಗಳು ಇಂಗ್ಲೆಂಡಿನಲ್ಲಿ ಬರೆಯುತ್ತಾಳೆ ಎಂದು ಅವನಿಗೆ ಭಾರೀ ಹೆಮ್ಮೆ. ನಾನು ಮಾತು ತೇಲಿಸಿ ಚಹಾ ಕೊಟ್ಟು ಕಳಿಸಿದೆ.

ಚಿಗವ್ವನನ್ನು ಬಿಟ್ಟು ಬೇರೆ ಯಾರನ್ನಾದರೂ ಇಟ್ಟು ಬರೆ. ಹನ್ನೆರಡು ಜನರ ಜೊತೆ ಮಾತಾಡಿದ್ದೀಯಲ್ಲ. ಬೇಕಾದರೆ ನಿನ್ನನ್ನೇ ಇಟ್ಟು ಬರೆ. ನಿಮ್ಮ ಅಣ್ಣ ಮಂಜೂರ ಭಾಯಿಗೆ ನೀನು ಪಾಲು ಬಿಟ್ಟು ಸಹಿ ಮಾಡಿಕೊಟ್ಟ ದಿನ ನಾನೂ ಹಿಪ್ಪರಗಿಯಲ್ಲಿದ್ದೆ. ಅದು ಯಾವ ಜರ್ನಲಿನಲ್ಲಿ ಬಂತು?

ಸುನಂದಾ

•

ನ್ಯೂಕಾಸಲ್
೨೧ ಏಪ್ರಿಲ್ ೨೦೨೪

ಸುನಂದಕ್ಕ,

ಲೇಖನ ಕಳಿಸಿಬಿಟ್ಟೆ. ಮೊದಲು ಸಿಟ್ಟು ಮಾಡಿಕೊ, ಆಮೇಲೆ ಮುಂದೆ ಓದು.

ನಿನ್ನ ಮಾತು ನಿಜವಿತ್ತು, ಅದೇ ತೊಂದರೆಯಾಯಿತು. ಊರು ನನ್ನ ಲೇಖನದ ಹಿನ್ನೆಲೆ ಎಂದುಕೊಂಡಿದ್ದೆ, ಪರಿಶೀಲಕರು ಸುಮ್ಮನೆ ಕಾಡುತ್ತಾರೆ ಎಂದುಕೊಂಡಿದ್ದೆ. ಊರೇ ನನ್ನ ವಾದ. ದೂರವಿರುವುದರಿಂದಲೇ ಕರೆಯಲು ಬರುವುದಕ್ಕೆ ಬೆಲೆ, ಕರೆಯಲು ಬರಲಿ ಎಂದೇ ಸಹಿ ಬಾಕಿ. ಇದನ್ನು ತೆಗೆದರೆ ಲೇಖನದಲ್ಲಿ ಏನೂ ಉಳಿಯುವುದಿಲ್ಲ, ಬೇರೆಯವರನ್ನು ಇಟ್ಟರೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿಲ್ಲ. ಹಾಗಾಗಿ ನಾಲ್ಕು ಬಸ್ಸನ್ನು ಇಟ್ಟೆ. ನದಿಯ ಹೆಸರಿಲ್ಲ, ತಾಲೂಕುಗಳ ಹೆಸರಿಲ್ಲ. ಕಪ್ಪು ಮಣ್ಣು, ನದಿ ತುಂಬಿದಾಗ ಕೊನೆಯ ಬಸ್ಸು ಹಳ್ಳದ ಹತ್ತಿರ ತಿರುಗುವುದು ಮಾತ್ರ ಇವೆ. ಸಂಪಾದಕರಿಗೆ ಆ ಪ್ಯಾರಾ ಬಹಳ ಹಿಡಿಸಿತು.

ಅನೀಲನ ಬಗ್ಗೆ ಹೆದರಬೇಡ. ಈ ಜರ್ನಲ್ ಓದಲು ವಿಶ್ವವಿದ್ಯಾಲಯಗಳು ಲಕ್ಷಗಟ್ಟಲೆ ಚಂದಾ ಕಟ್ಟಬೇಕು. ಸಿಂದಗಿಯಲ್ಲಿ ಕೂತು ಯಾರೂ ಓದಲಾರರು.

ಮಂಜೂರ ಭಾಯಿಯ ವಿಷಯ ಬರೆದಿದ್ದೆಯಲ್ಲ. ಓದಿದೆ.

ನಿಷತ

•

ಇಂಡಿ
೧೮ ಆಗಸ್ಟ್ ೨೦೨೪

ನಿಷತ,

ನಿನ್ನ ಲೇಖನವನ್ನು ಯಾರು ಬೇಕಾದರೂ ಪುಕ್ಕಟೆ ಓದುವಂತೆ ನಿನ್ನ ವಿಶ್ವವಿದ್ಯಾಲಯವೇ ಹಣ ಕಟ್ಟಿ ತೆರೆದಿಟ್ಟಿದೆ. ಇದು ನಿನಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಜುಲೈ ಕೊನೆಯಲ್ಲಿ ಅನೀಲ ನಿನ್ನ ಹೆಸರು ಹಾಕಿ ಮೊಬೈಲಿನಲ್ಲಿ ಹುಡುಕಿದ, ಸಿಕ್ಕಿತು. ಸಿಂದಗಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ರವಿವಾರ ಊರಿಗೆ ಬಂದ.

ಏನಾಯಿತೆಂದು ಅವನೇ ನನ್ನ ಮುಂದೆ ಕೂತು ಹೇಳಿದ, ಅಳುತ್ತ ಹೇಳಿದ. ಮೊದಲ ಪುಟದಲ್ಲೇ ಕಪ್ಪು ಮಣ್ಣು, ಹೊಳೆ, ಹಳ್ಳದ ಹತ್ತಿರ ತಿರುಗುವ ಬಸ್ಸು ಓದಿದ. ಇದು ನಮ್ಮೂರು ಎಂದು ಗೊತ್ತಾದದ್ದೇ ತಡ, ಮುಂದಿನದನ್ನು ಓದುವ ತಾಳ್ಮೆಯೂ ಇಲ್ಲದೆ ಅಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿದ. ಓಣಿಯ ನಾಲ್ಕು ಜನ ಬಂದರು. ನಮ್ಮೂರು ಇಂಗ್ಲೆಂಡಿನ ಪುಸ್ತಕದಾಗ ಬಂದೈತಿ ಎಂದು ಒಂದೊಂದು ಸಾಲು ಓದಿ ಕನ್ನಡ ಮಾಡಿ ಹೇಳತೊಡಗಿದ. ಎಲ್ಲರಿಗೂ ಸಂಭ್ರಮ. ಮಣ್ಣಿನ ವರ್ಣನೆ ಬಂದಾಗ ಬರೋಬ್ಬರಿ ಬರದಾಳ ಎಂದು ಮಾಮಾ ತಲೆದೂಗಿದನಂತೆ. ಚಹಾ ತರಿಸಿದನಂತೆ.

ಮೂರನೆಯ ಪುಟಕ್ಕೆ ನಾಲ್ಕು ಬಸ್ಸು ಬದಲಿಸಿ ತವರಿಗೆ ಬರುವ ಹೆಂಗಸು ಬಂದಳು. ಒಂದು ವರ್ಷ ಆಧಾರ್ ಕಾರ್ಡ್ ಮರೆತು ಬಂದವಳು, ಒಂದು ವರ್ಷ ಬಲಗೈ ಉಳುಕಿದೆ ಎಂದವಳು, ಒಂದು ವರ್ಷ ಆಫೀಸಿಗೆ ಹೊರಡುವ ಹೊತ್ತಿಗೆ ಚಳಿಜ್ವರ ಎಂದು ಹೊದ್ದು ಮಲಗಿದವಳು. ನೆಪಗಳು ಎಲ್ಲ ಮನೆಗಳಲ್ಲೂ ಇರುತ್ತವೆ ನಿಷತ, ಅದರಿಂದ ಯಾರನ್ನೂ ಗುರುತಿಸಲಾಗದು. ಆದರೆ ನಾಲ್ಕು ಬಸ್ಸು ಹತ್ತಿ ಆ ಊರಿಗೆ ಬರುವ ಮಗಳು ಒಬ್ಬಳೇ. ಅನೀಲ ಓದುವುದನ್ನು ನಿಲ್ಲಿಸಿದ. ಮಾಮಾ, “ಯಾಕ ನಿಂತಿ? ಮುಂದ ಓದು” ಅಂದ. ಏನಾದರೂ ಕಟ್ಟಿ ಹೇಳಬಹುದಿತ್ತು. ಆ ಹುಡುಗನಿಗೆ ಸುಳ್ಳು ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿ ನೀನು ಬರೆದದ್ದನ್ನು ಅವನು ಮತ್ತೆ ಕನ್ನಡಕ್ಕೆ ತಂದಾಗ ಹೆಚ್ಚುಕಡಿಮೆ ಚಿಗವ್ವನ ಮಾತೇ ಅವನ ಬಾಯಲ್ಲಿ ಬಂತು, ಸಹಿ ಮಾಡೂತನಾ ಕರೀಲಿಕ್ಕೆ ಬರ್ತಾನ ಎಂದು. ಮಾಮಾ ಎದ್ದು ದನಗಳಿಗೆ ಮೇವು ಹಾಕಲು ಹೋದನಂತೆ. ನಾಲ್ಕು ಜನರ ಎದುರಿಗೆ, ಹೊಲದಾಸೆಗೆ ತಂಗಿಯನ್ನು ಕರೆಯುವ ಅಣ್ಣ ಎನಿಸಿಕೊಂಡ ಮೇಲೆ ಅವನು ನಾಲತವಾಡದ ಬಸ್ಸು ಹೇಗೆ ಹತ್ತಬೇಕು?

ಹತ್ತಲಿಲ್ಲ. ರೊಟ್ಟಿಪಂಚಮಿಯ ದಿನ ಚಿಗವ್ವ ಚೀಲ ತುಂಬಿಟ್ಟುಕೊಂಡು, ಶೇಂಗಾ ಉಂಡಿ ಎಳ್ಳುಂಡಿ ಕಟ್ಟಿಕೊಂಡು ಕಾಯುತ್ತ ಕೂತಳು. ಮರುದಿನವೂ ಕೂತಳು. ಅಣ್ಣನಿಗೆ ಏನೋ ಆಗಿದೆ ಎಂದು ನನಗೆ ಫೋನು ಮಾಡಿದಳು. ನಾನು ನಾಲತವಾಡಕ್ಕೆ ಹೋಗಿ ಎಲ್ಲ ಹೇಳಬೇಕಾಯಿತು. ಯಾರು ಓದಿದರು ಎಂದು ಕೇಳಿದಳು, ಅನೀಲ ಎಂದೆ. “ಇಂಗ್ಲಿಷ್ ಅಷ್ಟು ಛಲೋ ಬರ್ತೈತೇನು ಅವಂಗ?” ಅಂದಳು.

ನಿನಗೆ ಬಯ್ಯಲು ಕೂತರೆ ಈ ಪತ್ರ ಮುಗಿಯುವುದಿಲ್ಲ. ನನ್ನನ್ನೂ ಸೇರಿಸಿ ಬಯ್ಯಬೇಕಾಗುತ್ತದೆ, ಹಳ್ಳದ ಹತ್ತಿರ ಬಸ್ಸು ತಿರುಗುತ್ತದೆ ಎಂದು ಬರೆದುಕೊಟ್ಟವಳು ನಾನೇ.

ಸುನಂದಾ

•

ನ್ಯೂಕಾಸಲ್
೨೨ ಆಗಸ್ಟ್ ೨೦೨೪

ಅಕ್ಕ,

ಹಿಂತೆಗೆದುಕೊಳ್ಳುತ್ತೇನೆಂದು ಸಂಪಾದಕರಿಗೆ ಬರೆದೆ. ಲೇಖನದಲ್ಲಿ ತಪ್ಪಿದ್ದರೆ ಮಾತ್ರ ಸಾಧ್ಯ, ಇದರಲ್ಲಿ ತಪ್ಪೇನಿದೆ ಎಂದು ಕೇಳಿದ್ದಾರೆ. ಏನೆಂದು ಹೇಳಲಿ? ಇದ್ದದ್ದನ್ನೇ ಬರೆದಿದ್ದೇನೆ.

ನಾನು ಬಂದು ಬಸಂತರಾಯ ಮಾಮಾನ ಕಾಲು ಹಿಡಿಯಲೇ? ಎಲ್ಲವೂ ನಾನು ಕಟ್ಟಿದ ಕತೆ ಎಂದು ಹೇಳಲೇ? ನೀನು ಹೇಳಿದಂತೆ ಮಾಡುತ್ತೇನೆ. ಚಿಗವ್ವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮಂಗಳವಾರ ನನ್ನ ಕೆಲಸ ಕಾಯಂ ಆಯಿತು. ನಿನ್ನಿಂದ ಮುಚ್ಚಿಟ್ಟಂತೆ ಆಗಬಾರದು ಎಂದು ಹೇಳುತ್ತಿದ್ದೇನೆ.

ನಿಷತ

•

ಇಂಡಿ
೩ ನವೆಂಬರ್ ೨೦೨೪

ನಿಷತ,

ಇಷ್ಟು ದಿನ ಉತ್ತರ ಬರೆಯಲಿಲ್ಲ, ಬರೆಯುವ ಮನಸ್ಸಿರಲಿಲ್ಲ. ನೀನು ಬಂದು ಕಾಲು ಹಿಡಿಯುವುದರಿಂದ ಏನೂ ಆಗುತ್ತಿರಲಿಲ್ಲ. ಈಗಂತೂ ಅದರ ಅಗತ್ಯವೇ ಇಲ್ಲ.

ಚಿಗವ್ವ ಸಹಿ ಮಾಡಿದಳು.

ಯಾರೂ ಒತ್ತಾಯ ಮಾಡಿದ್ದಲ್ಲ. ದಸರೆ ಮುಗಿದ ಮೇಲೆ ತಾನೇ ಫೋನು ಮಾಡಿ, ಇಂಡಿಯ ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ಏನೇನು ಕಾಗದ ಬೇಕು ಕೇಳಿಡು ಎಂದಳು. ಬೇಡವೆಂದು ನಾನು ಹೇಳಿದ ಮಾತು ಅಷ್ಟಿಷ್ಟಲ್ಲ. ಅವ್ವನ ಕತೆ ಹೇಳಿದೆ. ಕಾನೂನಿನಲ್ಲಿ ನಿನಗೆ ಸಮಪಾಲಿದೆ ಎಂದೆ. ನಿನ್ನ ಲೇಖನದಲ್ಲಿರುವುದನ್ನೆಲ್ಲ ಹೇಳಿದೆ. ಕೇಳಿಸಿಕೊಂಡಳು, ಕೊನೆಗೆ ಯಾವ ದಿನ ಬರಲಿ ಎಂದಳು.

ಒಬ್ಬಳೇ ಮೂರು ಬಸ್ಸು ಹತ್ತಿ ಇಂಡಿಗೆ ಬಂದಳು. ಆಧಾರ್ ಕಾರ್ಡು, ಫೋಟೊ, ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೀಟಾಗಿ ಇಟ್ಟುಕೊಂಡಿದ್ದಳು. ಒಂದನ್ನೂ ಮರೆತಿರಲಿಲ್ಲ. ಮಾಮಾನಿಗೆ ಹೇಳಿ ಕಳಿಸಿದ್ದೆವು, ಬಂದ. ಆಫೀಸಿನ ಹೊರಗಿನ ಬೆಂಚಿನ ಮೇಲೆ ಅವನು ಆ ತುದಿಗೆ, ಇವಳು ಈ ತುದಿಗೆ. ನಡುವೆ ನಾನು ಕೂತಿದ್ದೆ, ಎದ್ದು ಹೋಗಲು ಕಾರಣ ಹುಡುಕುತ್ತಿದ್ದೆ. ಚಾ ಬಂತು, ಯಾರೂ ಮುಟ್ಟಲಿಲ್ಲ. ಒಳಗೆ ಕರೆದಾಗ ಚಿಗವ್ವ ಹೋಗಿ ಬೆರಳೊತ್ತಿದಳು, ಫೋಟೊಕ್ಕೆ ಕೂತಳು, ಸಹಿ ಮಾಡಿದಳು. ದುಂಡನೆಯ ಅಕ್ಷರ. ಹೊರಗೆ ಬಂದಾಗ ಮಾಮಾ, ನಾ ಕೇಳಿದ್ದಿಲ್ಲ ಗುರವ್ವಾ, ಎಂದ. ಅಷ್ಟು ದಿನಗಳಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

ಅವಳು ಅವನ ಮುಖ ನೋಡಿಯೇ ಹೇಳಿದಳು. “ಹೊಲಕ್ಕಂತ ನೀ ಬರೂದು ಇವತ್ತಿಗಿ ಮುಗೀತು. ಇನ್ನ ಬಂದ್ರ ನನಗಂತ ಬಾ.”

ಮಾಮಾ ಊರಿಗೆ ನಡಿ ಎಂದಾನು ಎಂದು ನಾನು ಕಾದೆ. ಅಗರಖೇಡದ ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿತ್ತು. ಅವನು ಅದನ್ನು ಹತ್ತಿ ಹೋದ, ಇವಳು ಬಾಗೇವಾಡಿಯ ಬಸ್ಸು ಹತ್ತಿದಳು. ನಮ್ಮ ಮನೆಗೂ ಬರಲಿಲ್ಲ. ಮುಂದಿನ ಪಂಚಮಿಗೆ ಅವನು ಬರುತ್ತಾನೋ ಇಲ್ಲವೋ ಎನ್ನುವುದೊಂದೇ ಈಗ ಅವಳಿಗೆ ಉಳಿದಿರುವುದು. ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ. ನಾನು ಬರೆಯದಿದ್ದರೆ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ.

ಸುನಂದಾ

•

ನ್ಯೂಕಾಸಲ್
೯ ಫೆಬ್ರುವರಿ ೨೦೨೫

ಅಕ್ಕ,

ಮೂರು ತಿಂಗಳಿಂದ ಈ ಪತ್ರ ಬರೆದು ಅಳಿಸಿ ಮಾಡುತ್ತಿದ್ದೇನೆ. ಬೆಂಚಿನ ಮೇಲಿನ ನಿಮ್ಮ ಮೂವರನ್ನು ಮನಸ್ಸಿನಿಂದ ತೆಗೆಯಲಾಗುತ್ತಿಲ್ಲ.

ಹೇಗೆ ಕೇಳಬೇಕೋ ತಿಳಿಯದು, ನೇರವಾಗಿ ಕೇಳುತ್ತೇನೆ. ಮೊದಲ ಲೇಖನ ಅರ್ಧ ಸತ್ಯ ಹೇಳಿ ನಿಂತಿದೆ. ಅದನ್ನು ಈಗ ಎಲ್ಲೆಲ್ಲೋ ಪಾಠಕ್ಕೆ ಇಟ್ಟಿದ್ದಾರೆ, ಮುಂದೂಡುವ ಜಾಣ ಹೆಂಗಸು ಎಂದು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಏನಾಯಿತು, ನನ್ನ ಬರಹವೇ ಏನು ಮಾಡಿತು ಎಂದು ಬರೆಯಬೇಕು. ಈ ಸಲ ಊರಿಲ್ಲ, ನದಿಯಿಲ್ಲ, ಬಸ್ಸಿಲ್ಲ. ಈಗ ನನಗೊಂದು ಹೆಸರಾಗಿದೆ, ಊರು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ರೇಚಲ್ ಬರೆದ ಹಾಗೆ, ಬರೀ ಅಣ್ಣ ಮತ್ತು ತಂಗಿ ಎಂದು ಬರೆಯಬಹುದು. ಚಿಗವ್ವನ ಅನುಮತಿ ಕೇಳುತ್ತೀಯಾ? ಬೇಡ ಎಂದರೆ ಬಿಟ್ಟುಬಿಡುತ್ತೇನೆ. ಆಣೆ ಮಾಡಿ ಹೇಳುತ್ತೇನೆ.

ನಿಷತ

•

ನಾಲತವಾಡ
೩೦ ಜುಲೈ ೨೦೨೫

ನಿಷತ,

ಆರು ತಿಂಗಳಾಯಿತು ನೀನು ಕೇಳಿ. ಚಿಗವ್ವನನ್ನು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ನಿನ್ನೆ ಪಂಚಮಿ. ಎರಡು ದಿನ ರಜೆ ಹಾಕಿ ಮೊನ್ನೆಯೇ ಇಲ್ಲಿಗೆ ಬಂದಿದ್ದೆ. ಮಾಮಾ ಬಂದರೆ ಸುಮ್ಮನೆ ಹಿಂದಿರುಗುವುದು, ಬರದಿದ್ದರೆ ಚಿಗವ್ವನ ಜೊತೆ ಇರುವುದು ಎಂದು ಲೆಕ್ಕ ಹಾಕಿದ್ದೆ.

ಮೊನ್ನೆ ಯಾರೂ ಬರಲಿಲ್ಲ. ಚಿಗವ್ವ ಬಾಗಿಲಲ್ಲಿ ಕೂರಲಿಲ್ಲ, ಚೀಲ ಕಟ್ಟಲಿಲ್ಲ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬಡಿದಳು, ಅಕ್ಕಪಕ್ಕದವರಿಗೆ ಬೀರಿದಳು. ಅಣ್ಣನ ಹೆಸರು ಎತ್ತಲಿಲ್ಲ. ಬೀದಿಯಲ್ಲಿ ಯಾರಾದರೂ ಹಾದುಹೋದಾಗಲೆಲ್ಲ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು, ಅಷ್ಟೆ. ನನಗೆ ಅಲ್ಲಿ ಕೂರಲಾಗಲಿಲ್ಲ. ನಾನೇ ಗಾಡಿ ಮಾಡಿಸಿ ಕರೆದೊಯ್ಯುತ್ತೇನೆ, ನಾಲ್ಕು ತಾಸಿನ ದಾರಿ, ನಡಿ ಎಂದೆ.

“ಕರೀಲಾರದ ಹೋದ್ರ ಅದು ಬರೇ ಊರು. ತವರುಮನಿ ಅಲ್ಲ” ಅಂದಳು.

ನಿನ್ನೆ ಮಧ್ಯಾಹ್ನ ಅನೀಲ ಬಂದ. ಒಬ್ಬನೇ. ಕೈಯಲ್ಲೊಂದು ಸೀರೆ, ಕುಪ್ಪಸದ ಖಣ, ಉಂಡಿಯ ಡಬ್ಬಿ. ಬಾಗಿಲಲ್ಲಿ ನಿಂತವನನ್ನು ನೋಡಿ ಚಿಗವ್ವನ ಮುಖ ಹೇಗಾಯಿತೆಂದರೆ, ನಿಷತ, ನಾನು ಬೇರೆ ಕಡೆ ನೋಡಿದೆ. ಅವನ ಹಿಂದೆ ಬೀದಿಯಲ್ಲಿ ಇನ್ನೊಬ್ಬರು ಇದ್ದಾರೇನೋ ಎಂದು ಇಣುಕಿದಳು. ಇರಲಿಲ್ಲ. ಕರೆಯಲು ಬಂದಿದ್ದೇನೆ, ನಡೆಯಿರಿ ಅತ್ತಿ, ಎಂದು ಅವನು ಹೇಳಿದ. ಚಿಗವ್ವ ಅವನಿಗೆ ನೀರು ಕೊಟ್ಟು, ಅವನು ಕುಡಿಯುವವರೆಗೆ ನಿಂತು, ಆಮೇಲೆ ಕೇಳಿದಳು.

“ಅಪ್ಪ ಕಳಿಸ್ಯಾನೇನು?”

ಅವನು ನನ್ನನ್ನು ನೋಡಿದ. ಹೂಂ ಎಂದುಬಿಡು ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಹೋದ ವರ್ಷ ಕಟ್ಟೆಯ ಮೇಲೆ ಹೊಳೆಯದ ಸುಳ್ಳು ಈಗಲಾದರೂ ಹೊಳೆಯಬಾರದೇ?

“ಇಲ್ರಿ ಅತ್ತಿ. ನಾನಽ ಬಂದೇನಿ.”

ಚಿಗವ್ವ ಸೀರೆ ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು. ಉಣ್ಣಲು ಕೂಡಿಸಿದಳು. ಹೋಳಿಗೆಯ ಮೇಲೆ ತುಪ್ಪ ಸಾಕು ಎಂದರೂ ಬಿಡದೆ ಹಾಕಿದಳು. ಸಿಂದಗಿಯ ಕೆಲಸ ಹೇಗಿದೆ, ಪಿಎಚ್‌.ಡಿ. ಎಲ್ಲಿಗೆ ಬಂತು, ಹೆಣ್ಣು ನೋಡಿದ್ದಾರೋ ಎಂದೆಲ್ಲ ವಿಚಾರಿಸಿದಳು. ಅಣ್ಣನಿಗೆ ಬಿ.ಪಿ. ಗುಳಿಗೆ ತಪ್ಪಿಸಬೇಡ ಎಂದು ಹೇಳು ಎಂದಳು. ಊಟವಾದ ಮೇಲೆ ಅವನು ಮತ್ತೆ ಕೇಳಿದ, ಅತ್ತಿ ಹೊರಡೋಣವೇ ಎಂದು. ಚಿಗವ್ವ ಅವನ ಬೆನ್ನು ಸವರಿ, ಐದು ಗಂಟೆಯ ಬಸ್ಸು ತಪ್ಪಿದರೆ ಬಾಗೇವಾಡಿಯಲ್ಲಿ ಮುಂದಿನದು ಸಿಗುವುದಿಲ್ಲ, ನೀ ಹೊರಡು ಎಂದಳು. ಆ ಹುಡುಗ ಬಹಳ ಹೊತ್ತು ಎದ್ದೇಳಲಿಲ್ಲ.

ಅವನನ್ನು ಬಿಡಲು ನಾವಿಬ್ಬರೂ ಸ್ಟ್ಯಾಂಡಿಗೆ ಹೋದೆವು. ಅವನು ಕಿಟಕಿಯ ಪಕ್ಕ ಕೂತ. ಚಿಗವ್ವ ಕೆಳಗೆ ನಿಂತು, ಮುದ್ದೇಬಿಹಾಳದಲ್ಲಿ ಇಳಿದ ಮೇಲೆ ಯಾವ ಕಡೆಯ ಬಸ್ಸು ಹಿಡಿಯಬೇಕು ಎಂದು ಹೇಳಿಕೊಟ್ಟಳು, ಅದೇ ದಾರಿಯಿಂದ ಬಂದವನಿಗೆ. ಬಾಗೇವಾಡಿ, ಹಿಪ್ಪರಗಿ, ಇಂಡಿ, ಒಂದೊಂದನ್ನೂ ಹೇಳಿದಳು. ಅಗರಖೇಡದ ಹೆಸರು ಬರುವ ಮೊದಲೇ ಬಸ್ಸು ಹೊರಟಿತು. ಅವಳು ಮಾತು ನಿಲ್ಲಿಸಿ ಸೆರಗು ಸರಿ ಮಾಡಿಕೊಂಡು, ನಡಿ, ಮನಿಗಿ ಹೋಗೂಣು ಎಂದಳು.

ಸುನಂದಾ